ನಟರಾಜ ಸರ್ವಿಸ್ಸಿಗೆ ನಾಲ್ಕು ಬಸ್ಸಿನ ಓಟು

ಬಿಡದಿ
ಬುಧವಾರ, 22-11-2006

ಪ್ರೀತಿಯ ಸುಮನಾ,

ಕ್ಷೇಮಸಮಾಚಾರಕ್ಕೂ ಮುಂಚೆ ಒಂದು ತಪ್ಪೊಪ್ಪಿಗೆ. ಕೆಳಗೆ ಸಹಿ ಮಾಡಿರುವ ನಾನು, ಯಾರ ಬಲವಂತವೂ ಇಲ್ಲದೆ, ಸ್ವಸ್ಥಚಿತ್ತದಿಂದ ಒಪ್ಪಿಕೊಳ್ಳುವುದೇನೆಂದರೆ, ಹೋದ ಭಾನುವಾರ ಸಂಜೆ ನಮ್ಮ ಮನೆಯ ಕಬ್ಬಿಣದ ಟ್ರಂಕನ್ನು ತೆರೆದು, ನುಸಿಗುಳಿಗೆಗಳ ಕಾವಲನ್ನು ಭೇದಿಸಿ, ನಿನ್ನ ಗಿಳಿಹಸಿರು ರೇಷ್ಮೆ ಸೀರೆಯನ್ನು ಒಡತಿಯ ಅನುಮತಿಯಿಲ್ಲದೆ ಹೊರಗೆ ಒಯ್ದಿದ್ದೇನೆ. ಸೀರೆ ಕದ್ದವನಿಗೆ ಸೆರೆಯೇ ಸರಿ ಎಂದು ನೀನು ತೀರ್ಪು ಕೊಡುವ ಮುನ್ನ ಆರೋಪಿಯ ಹೇಳಿಕೆಯನ್ನು ಕೊನೆಯವರೆಗೆ ಓದಬೇಕಾಗಿ ವಿನಂತಿ. ಸೀರೆ ಕ್ಷೇಮವಾಗಿದೆ. ತೊಟ್ಟಿಲಿನ ದಿನ ಅದನ್ನೇ ಉಡಬೇಕೆಂದು ಬರೆದಿದ್ದೀಯಲ್ಲ, ಭಾನುವಾರ ಅದು ಮರಳವಾಡಿಯಲ್ಲಿರುತ್ತದೆ. ಯಾರ ಕೈಯಲ್ಲಿ ಬರುತ್ತದೆ ಎಂಬುದು ಮುಂದೆ.

ನೀನು ಹೇಗಿದ್ದೀಯ? ಸೊಂಟದ ನೋವು ಇಳಿಯಿತೇ? ಅತ್ತೆ ಕೊಡುವ ಮೆಣಸಿನ ಸಾರನ್ನು ಅವರು ಆ ಕಡೆ ತಿರುಗಿದಾಗ ಹಿತ್ತಿಲಿಗೆ ಚೆಲ್ಲಬೇಡ. ಅವರಿಗೆ ಗೊತ್ತಾಗುತ್ತದೆ, ಗೊತ್ತಾದರೆ ಮೆಣಸು ಇಮ್ಮಡಿಯಾಗುತ್ತದೆ. ಕೂಸು ರಾತ್ರಿಯೆಲ್ಲ ಎದ್ದಿದ್ದು ಹಗಲೆಲ್ಲ ಮಲಗುತ್ತಾಳೆ ಎಂದು ಬರೆದಿದ್ದೀಯ. ಅಪ್ಪ ಕಾರ್ಖಾನೆಯವನಲ್ಲವೇ, ಹುಟ್ಟುತ್ತಲೇ ಮೂರನೇ ಶಿಫ್ಟು ಹಿಡಿದಿದ್ದಾಳೆ. ಸಾಂಬ್ರಾಣಿ ಹೊಗೆಯನ್ನು ಒಸಿ ಕಡಿಮೆ ಮಾಡಲು ಅತ್ತೆಗೆ ಹೇಳು, ಆದರೆ ನಾನು ಹೇಳಿದೆ ಎನ್ನಬೇಡ. ಮಾವನವರ ಮಂಡಿ ಹೇಗಿದೆ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಿಮ್ಮೂರಲ್ಲಿ ಫೋನಿರುವುದು ಅಂಗಡಿಯಲ್ಲಿ, ಅಂಗಡಿಯ ಜಗಲಿಯ ಮೇಲೆ ಮಾವ, ಮಾವನ ಸುತ್ತ ಇಡೀ ಮರಳವಾಡಿ. ನಾನೀಗ ಬರೆಯುವ ವಿಷಯಕ್ಕೆ ಅಷ್ಟೊಂದು ಶ್ರೋತೃಗಳು ಬೇಡ.

ನಿನ್ನ ಕಾಗದದ ಕೊನೆಯಲ್ಲಿ ಕಾಡಿಗೆ ಮೆತ್ತಿದ ಬೆರಳಿನ ಗುರುತಿನ ಪಕ್ಕದಲ್ಲಿ ಒಂದೇ ಸಾಲಿತ್ತು: “ಭಾನುವಾರ ಮಗಳ ತೊಟ್ಟಿಲಿಗೆ ಬತ್ತೀರೋ, ಹಾಡು ಅಂತ ಬೆಂಗಳೂರಿಗೆ ಹೋಯ್ತೀರೋ, ಒಂದು ಹೇಳ್ಬುಡಿ.” ಬಿ.ಎ.ನಲ್ಲಿ ಐಚ್ಛಿಕ ಕನ್ನಡ ಓದಿದ ನನಗೆ ಇಷ್ಟು ಚಿಕ್ಕ ಪ್ರಶ್ನೆಗೆ ಚಿಕ್ಕ ಉತ್ತರ ಕೊಡುವ ಅಭ್ಯಾಸವಿಲ್ಲ. ಸ್ಪರ್ಧೆಯ ಅರ್ಧ ಸುದ್ದಿ ನಿನ್ನ ತಮ್ಮನಿಂದ ಆಗಲೇ ಮುಟ್ಟಿದಂತಿದೆ, ಮೊದಲಿನಿಂದ ಹೇಳುತ್ತೇನೆ.

ಕಾರಿನ ಹಾರ್ನ್ ಮಾಡುವ ನಮ್ಮ ಕಂಪನಿಗೆ ಈ ವರ್ಷ ಐವತ್ತು ತುಂಬಿತು. ಐವತ್ತು ವರ್ಷ ಜಗತ್ತಿನ ಕಿವಿ ಕೊರೆದ ಪಾಪಕ್ಕೆ ಪ್ರಾಯಶ್ಚಿತ್ತ ಎಂಬಂತೆ, ತನ್ನ ಕಾರ್ಖಾನೆಗಳಿರುವ ದೇಶಗಳಿಗೆಲ್ಲ ಸೇರಿಸಿ ಒಂದು ಹಾಡಿನ ಸ್ಪರ್ಧೆ ಇಟ್ಟಿದೆ. ದೇಶಕ್ಕೊಂದು ಹಾಡು, ಜನವರಿಯಲ್ಲಿ ಥಾಯ್ಲೆಂಡಿನಲ್ಲಿ ಅಂತಿಮ ಸುತ್ತು. ಇಂಡಿಯಾದಲ್ಲಿ ಕಂಪನಿಗಿರುವುದು ಬಿಡದಿಯ ಕಾರ್ಖಾನೆ ಒಂದೇ. ಹಾಗಾಗಿ ನೂರು ಕೋಟಿ ಜನರ ಪರವಾಗಿ ಯಾವ ಹಾಡು ಹೋಗಬೇಕೆಂದು ನಮ್ಮ ಕ್ಯಾಂಟೀನಿನಲ್ಲಿ, ಸಾಂಬಾರಿನ ಹಂಡೆಗಳ ಸಮಕ್ಷಮ ತೀರ್ಮಾನವಾಗಬೇಕಿತ್ತು. ಹಾಡು ಹೊಸದಾಗಿರಬೇಕು, ಮೂರು ನಿಮಿಷ ದಾಟಬಾರದು, ವೇದಿಕೆಯಲ್ಲಿ ಆರು ಜನಕ್ಕಿಂತ ಹೆಚ್ಚಿರಬಾರದು. ಗೆದ್ದವರು ಇದೇ ಭಾನುವಾರ ಬೆಂಗಳೂರಿನ ಸ್ಟುಡಿಯೋದಲ್ಲಿ ಹಾಡನ್ನು ರೆಕಾರ್ಡ್ ಮಾಡಿಸಬೇಕು. ಭಾನುವಾರವೇ ನಮ್ಮ ತೊಟ್ಟಿಲು ಎಂದು ಮ್ಯಾನೇಜರ್ ಸಾಹೇಬರಿಗೆ ಹೇಗೆ ಗೊತ್ತಿರಬೇಕು, ಅವರು ಪಂಚಾಂಗ ನೋಡುವ ದೇಶದವರಲ್ಲ.

ತಂಡಗಳನ್ನು ಮಾಡುವ ಹೊಣೆ ಪರ್ಸನೆಲ್ ಆಫೀಸಿಗೆ, ಅಂದರೆ ನನಗೆ ಬಿತ್ತು. ಡಿಪಾರ್ಟ್‌ಮೆಂಟಿನ ಪ್ರಕಾರ ವಿಂಗಡಿಸಿದರೆ ಜನ ಸೇರುವುದು ಯಾವಾಗ, ಅಭ್ಯಾಸ ಮಾಡುವುದು ಎಲ್ಲಿ? ದಿನಾ ಒಟ್ಟಿಗೆ ಕೂರುವುದು ಕಂಪನಿ ಬಸ್ಸಿನಲ್ಲಿ. ಆದ್ದರಿಂದ ರಾಮನಗರದ ಬಸ್ಸಿನದೊಂದು ತಂಡ, ಚನ್ನಪಟ್ಟಣದ್ದೊಂದು, ಕನಕಪುರದ್ದೊಂದು, ಮಾಗಡಿಯದೊಂದು. ಬಿಡದಿಯಲ್ಲೇ ಇದ್ದು ಕಾಲ್ನಡಿಗೆಯಲ್ಲಿ ಬರುವ ನನ್ನಂಥವರಿಗೆ ನಟರಾಜ ಸರ್ವಿಸ್ ಎಂದು ಐದನೆಯದು. ತಂಡಕ್ಕೊಂದು ಓಟು, ತಮ್ಮ ಹಾಡಿಗೆ ತಾವೇ ಓಟು ಹಾಕುವಂತಿಲ್ಲ. ನಿಯಮ ನಾನೇ ಟೈಪು ಮಾಡಿದ್ದು. ಎಷ್ಟು ನ್ಯಾಯವಾದ ನಿಯಮ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ, ನೀನಿಲ್ಲದ ಕಾರಣ.

ನಟರಾಜ ಸರ್ವಿಸ್ಸಿನ ಹಾಡು ನನ್ನ ರಚನೆ. ರಾತ್ರಿ ಪಾಳಿಯ ಗಂಡನಿಗೆ ಕಾಯುವ ಹೆಂಡತಿ ಹೇಳಿಕೊಳ್ಳುವ ಹಾಡು. “ಬಿಡದಿಯವನೇ, ಕೈ ಬಿಡದಿರು” ಎಂದು ಪಲ್ಲವಿ. ಓದಿದ ಕೂಡಲೇ ನೀನು ಹಣೆ ಚಚ್ಚಿಕೊಳ್ಳುತ್ತೀಯ ಎಂದು ಗೊತ್ತು, ಕೂಸಿಗೆ ತಾಗದಂತೆ ಚಚ್ಚಿಕೋ. ಪ್ಯಾಕಿಂಗ್ ವಿಭಾಗದ ಲತಾಮಣಿ ಹಾಡುವುದೆಂದೂ, ಗೇಟಿನ ಗಂಗಹನುಮಯ್ಯ ಬಕೆಟ್ಟಿನ ಮೇಲೆ ತಾಳ ಹಾಕುವುದೆಂದೂ ಆಯಿತು. ಕಾಯುವ ಹೆಂಡತಿಗೆ ಒಳ್ಳೆಯ ಸೀರೆ ಬೇಡವೇ? ಟ್ರಂಕಿನ ಪ್ರಕರಣ ನಡೆದದ್ದು ಹೀಗೆ.

ಮೊನ್ನೆ ಸೋಮವಾರ ಮೊದಲ ಶಿಫ್ಟು ಮುಗಿದ ಮೇಲೆ ಸ್ಪರ್ಧೆ. ಮೂರು ನಿಮಿಷಕ್ಕೆ ಗಂಟೆಯ ಬದಲು ನಮ್ಮದೇ ಹಾರ್ನ್ ಬಾರಿಸುವ ಏರ್ಪಾಡು. ರಾಮನಗರದವರು ಬಾಬಾಜಾನ್ ಮುಂದಾಳತ್ವದಲ್ಲಿ ಚಪ್ಪಾಳೆ ತಟ್ಟಿಕೊಂಡು ಹಾಡಿದರು. ಅವರೇ ಅಷ್ಟು ತಟ್ಟಿದ ಮೇಲೆ ನಾವು ತಟ್ಟಬೇಕಾದ ಜಾಗ ಯಾವುದೆಂದು ತಿಳಿಯಲಿಲ್ಲ. ಚನ್ನಪಟ್ಟಣದ ದೇವರಾಜು, ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಹಾಡುವವನು, ಕಪ್ಪು ಕನ್ನಡಕ ಹಾಕಿಕೊಂಡೇ ಬಂದ. ಹಾಡು ಹೊಸದಾಗಿರಬೇಕೆಂಬ ನಿಯಮ ಅವನ ಕೈಗೆ ಸಿಕ್ಕಿ ಹಳೆಯದಾಗಿತ್ತು. ರಾಗವನ್ನು ಎಲ್ಲರೂ ಎಲ್ಲೋ ಕೇಳಿದ್ದೆವು. ನಿನ್ನ ತಮ್ಮ ಮನೋಹರನದು ಕನಕಪುರದ ತಂಡ. ತಾಲ್ಲೂಕಿನ ಊರುಗಳ ಹೆಸರನ್ನೆಲ್ಲ ಸಾಲಾಗಿ ಪೋಣಿಸಿದ್ದ. ಹಾಡೋ, ಬಸ್‌ಸ್ಟ್ಯಾಂಡಿನ ಕಂಡಕ್ಟರನ ಕೂಗೋ ಎಂದು ಅನುಮಾನವಾಗುವಷ್ಟರಲ್ಲಿ ಹಾರ್ನ್ ಮೊಳಗಿತು, ಇಬ್ಬರು ಅಭ್ಯಾಸಬಲದಿಂದ ಎದ್ದು ಬಸ್ಸಿಗೆ ಹೊರಟರು. ಮನೋಹರನಿಗೆ ಇದನ್ನು ನಾನು ಬರೆದೆ ಎಂದು ಹೇಳಬಹುದು, ಅವನ ಹತ್ತಿರ ನನ್ನ ಬಗ್ಗೆ ಇದಕ್ಕಿಂತ ದೊಡ್ಡ ವಿಷಯವಿದೆ.

ಮಾಗಡಿಯವರ ಪರವಾಗಿ ನಿಂತದ್ದು ಮಾರಕ್ಕ. ಕ್ಯಾಂಟೀನಿನಲ್ಲಿ ತರಕಾರಿ ಹೆಚ್ಚುವಾಕೆ, ಊರಲ್ಲಿ ಮದುವೆಗಳಿಗೆ ಸೋಬಾನೆ ಹೇಳುವಾಕೆ. ನಿಯಮ ತಿಳಿಸಲು ಹೋದಾಗಲೇ ನನಗೆ ಬೈದಿದ್ದರು: “ಮೂರು ನಿಮಿಸಕ್ಕೆ ನಮ್ಮ ಪದದಲ್ಲಿ ಮದುವಣಗಿತ್ತಿ ಕಾಲೇ ತೊಳೆದಿರಕ್ಕಿಲ್ಲ ಕನಪ್ಪ. ಯಾವನ್ಲಾ ಅವನು ಹಿಂಗೆ ಬರೆದೋನು?” ಬರೆದವನು ಎದುರಿಗೇ ನಿಂತಿದ್ದಾನೆ ಎಂದು ನಾನು ಹೇಳಲಿಲ್ಲ. ಸೋಮವಾರ ಕೈ ಒರೆಸಿಕೊಂಡು ಬಂದು ನಿಂತರು. ಗಂಡನ ಮನೆಗೆ ಹೆಣ್ಣು ಕಳಿಸಿಕೊಡುವ ಧಾಟಿ, ಮಾತು ಮಾತ್ರ ಹೊಸದು. ಕತ್ತಲಲ್ಲೇ ಮಗಳನ್ನು ಮೊದಲ ಶಿಫ್ಟಿನ ಬಸ್ಸಿಗೆ ಹತ್ತಿಸಲು ಬರುವ ತಾಯಿಯ ಪದ. ಬುತ್ತಿ ಕೈಗೆ ಕೊಟ್ಟಳು, ಸೆರಗು ಸರಿ ಮಾಡಿದಳು, ಬಸ್ಸಿನ ಹಿಂದಿನ ಕೆಂಪು ದೀಪ ತಿರುವಿನಲ್ಲಿ ಹೋಗುವ ತನಕ ನಿಂತಳು. ಅಷ್ಟರಲ್ಲಿ ಗಂಗಹನುಮಯ್ಯ ಹಾರ್ನ್ ಒತ್ತಿದರು, ಒಲ್ಲದ ಮನಸ್ಸಿನಿಂದ, ಅರ್ಧ ಮಾತ್ರ. ಮಾರಕ್ಕ ಅಲ್ಲಿಗೇ ನಿಲ್ಲಿಸಿ, “ಮಿಕ್ಕಿದ್ದ ಆ ದೇಸಕ್ಕೆ ಹೋಗಿ ಹೇಳ್ತೀನಿ ಬುಡು” ಎಂದು ಒಳಗೆ ಹೋದರು. ಹೆಣ್ಣುಮಗಳ ತಂದೆಯಾಗಿ ಇನ್ನೂ ತಿಂಗಳು ತುಂಬದ ನಾನು ಕಿಟಕಿಯ ಕಡೆ ತಿರುಗಿ ಹೊರಗೆ ನಿಂತಿದ್ದ ಬಸ್ಸುಗಳನ್ನು ಎಣಿಸಿದೆ.

ಕೊನೆಯಲ್ಲಿ ನಟರಾಜ ಸರ್ವಿಸ್. ನಿನ್ನ ಸೀರೆ ವೇದಿಕೆ ಏರಿತು. ಟ್ಯೂಬ್‌ಲೈಟಿನ ಬೆಳಕಿಗೆ ಅದರ ಜರಿ ಮಿಂಚಿದ್ದು ನೋಡಿ ಹಿಂದಿನ ಬೆಂಚಿನವರೂ ಎದ್ದು ನಿಂತರು. ತಾಳ ಅಲ್ಲಲ್ಲಿ ತಪ್ಪಿದರೂ ಸಭೆ ತಾಳ್ಮೆ ತಪ್ಪಲಿಲ್ಲ. ಹಾರ್ನ್ ಬಾರಿಸಿದಾಗ ಬಿದ್ದಂಥ ಚಪ್ಪಾಳೆ ಬೇರೆ ಯಾರಿಗೂ ಬಿದ್ದಿರಲಿಲ್ಲ. ಇಷ್ಟೇ ಬರೆಯುತ್ತೇನೆ, ಆತ್ಮಪ್ರಶಂಸೆ ನನಗೆ ಒಗ್ಗುವುದಿಲ್ಲ.

ಬಸ್ಸುಗಳಲ್ಲಿ ಸಂಜೆ ಹೋಗುವಾಗ, ಬೆಳಿಗ್ಗೆ ಬರುವಾಗ ಚರ್ಚೆಯಾಗಿ, ನಿನ್ನೆ ಊಟದ ಹೊತ್ತಿಗೆ ಓಟು. ತಂಡದ ಮುಖಂಡರು ಒಬ್ಬೊಬ್ಬರಾಗಿ ಎದ್ದು ಹೇಳಬೇಕು. ದೇವರಾಜು ಕನ್ನಡಕ ತೆಗೆದು, ಮೀಸೆಯಲ್ಲೇ ನಕ್ಕು, “ಚನ್ನಪಟ್ಟಣದ ಓಟು ನಟರಾಜ ಸರ್ವಿಸ್ಸಿಗೆ” ಎಂದ. ಬಾಬಾಜಾನ್ ಎದ್ದು, “ರಾಮನಗರದ್ದೂ ಅದೇ” ಎಂದರು, ನಗು ಒಂಚೂರು ಕಡಿಮೆ. ಮನೋಹರ ಎದ್ದು ದೇವರಾಜುವನ್ನೂ ಬಾಬಾಜಾನರನ್ನೂ ನೋಡಿ, ಗಂಟಲು ಸರಿಮಾಡಿಕೊಂಡು, “ನಮ್ದು… ನಮ್ಮ ಭಾವನೋರಿಗೆ” ಎಂದ. ಮಾಗಡಿ ಬಸ್ಸಿನ ಮುಖಂಡನ ಧ್ವನಿ ಕೇಳಿಸಲೇ ಇಲ್ಲ, ಬೆರಳು ಮಾತ್ರ ನಮ್ಮ ಕಡೆ ತೋರಿಸಿತು. ನಾಲ್ಕಕ್ಕೆ ನಾಲ್ಕು. ಯಾವ ಚುನಾವಣೆಯಲ್ಲೂ ಒಂದಾಗದ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳನ್ನು ನನ್ನ ಸಾಹಿತ್ಯ ಒಂದು ಮಾಡಿತು ಸುಮನಾ. ಅವರ ಮುಖಗಳು ಕಪ್ಪಿಟ್ಟದ್ದು ಭಾವಾತಿರೇಕದಿಂದ ಎಂದೇ ನಾನು ತಿಳಿದೆ. ನಮ್ಮ ಓಟನ್ನು ಗಂಗಹನುಮಯ್ಯ ಹೇಳಿದರು: “ನಮ್ದು ಮಾಗಡಿಗೆ ಕನಪ್ಪ. ಪದ ಅಂದ್ರೆ ಅದು.” ಅದಕ್ಕೆ ಯಾರೂ ತಲೆಯೆತ್ತಲಿಲ್ಲ.

ಅಂತೂ ಇಂಡಿಯಾದ ಹಾಡು ಬರೆದವನು ನಿನ್ನ ಗಂಡ. ಈಗ ನಿನ್ನ ಪ್ರಶ್ನೆಗೆ ಬಂದೆ. ಒಂದು ಕಡೆ ಬೆಂಗಳೂರಿನ ಸ್ಟುಡಿಯೋ, ವಿಮಾನ, ಥಾಯ್ಲೆಂಡು, ಕೀರ್ತಿ. ಇನ್ನೊಂದು ಕಡೆ ಮರಳವಾಡಿ, ತೊಟ್ಟಿಲು, ಮಾವನವರ ಮಂಡಿ. ನಿನ್ನೆ ಸಂಜೆಯೇ ನಾನು ನಿರ್ಧಾರ ಮಾಡಿದೆ. ನಮ್ಮ ಹಾಡನ್ನು ವಾಪಸು ಪಡೆದಿದ್ದೇನೆ. ಎರಡನೆಯ ಸ್ಥಾನದಲ್ಲಿದ್ದ ಮಾರಕ್ಕನ ಪದ ಭಾನುವಾರ ಸ್ಟುಡಿಯೋಗೆ ಹೋಗುತ್ತದೆ. ಮಗಳ ತೊಟ್ಟಿಲಿಗಾಗಿ ಒಂದು ದೇಶದ ಪ್ರಾತಿನಿಧ್ಯವನ್ನೇ ಬಿಟ್ಟುಕೊಟ್ಟ ತಂದೆ ಎಂದು ಅವಳು ದೊಡ್ಡವಳಾದ ಮೇಲೆ ನೀನೇ ಹೇಳಬೇಕು, ನಾನು ಹೇಳಿದರೆ ಚೆನ್ನಾಗಿರುವುದಿಲ್ಲ. ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟು ಬರುತ್ತೇನೆ. ಸೀರೆಯೂ ನನ್ನ ಕೈಯಲ್ಲೇ ಬರುತ್ತದೆ.

ಮಾರಕ್ಕನಿಗೆ ವಿಷಯ ಹೇಳಿದಾಗ ಕುಂಬಳಕಾಯಿ ಹೆಚ್ಚುತ್ತಿದ್ದರು. ಚಾಕು ನಿಲ್ಲಿಸದೆ, “ಈಗ ಮಿಕ್ಕಿದ್ದ ಆ ದೇಸದೋರು ಕೇಳ್ತಾರಲ್ಲ, ಸಾಕು” ಎಂದರು. ಹೋಳುಗಳನ್ನು ಪಾತ್ರೆಗೆ ಸುರಿದು ಕೂಸಿನ ವಿಷಯ ಕೇಳಿದರು. ತೊಟ್ಟಿಲಿಗೆ ಹಾಕುವಾಗ ಹೇಳುವ ಜೋಗುಳದ ನಾಲ್ಕು ಸೊಲ್ಲು ಹೇಳಿಕೊಟ್ಟು, ಅತ್ತೆಗೆ ಮುಟ್ಟಿಸು ಎಂದರು. “ನೀನು ಮಾತ್ರ ಹೇಳಕ್ಕೋಗಬ್ಯಾಡ ಸಿವಣ್ಣ, ಕೂಸು ಬೆಚ್ಚಿಬೀಳ್ತದೆ” ಎಂದೂ ಸೇರಿಸಿದರು. ಯಾಕೆ ಹಾಗೆಂದರೋ.

ಅತ್ತೆ ಮಾವನಿಗೆ ನನ್ನ ನಮಸ್ಕಾರ. ಕೂಸಿನ ಅಂಗಾಲಿಗೆ ಅಪ್ಪನ ಪರವಾಗಿ ಒಂದು ಮುತ್ತು, ಮಲಗಿದ್ದರೆ ಎಬ್ಬಿಸಬೇಡ. ನಿನಗೆ ಬೇಕಾದಷ್ಟು ಪ್ರೀತಿ, ಮೆಣಸಿನ ಸಾರಿನ ಲೋಟದ ತುಂಬ.

ನಿನ್ನ,
ಶಿವಕುಮಾರ್

ಮರೆತ ವಿಷಯ: ಅಂಚೆ ಡಬ್ಬಿ ತೆಗೆಯುವವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಮನೋಹರ ಈಗ ಕನಕಪುರದಲ್ಲೇ ರೂಮು ಮಾಡಿರುವುದರಿಂದ ಶನಿವಾರವಷ್ಟೇ ಊರಿಗೆ ಬರುತ್ತಾನೆ. ಬಸ್ಸಿಗೊಂದರಂತೆ ಹಂಚಿರುವ ಸ್ಪರ್ಧೆಯ ವೀಡಿಯೋ ಸಿ.ಡಿ. ಅವನ ಬ್ಯಾಗಿನಲ್ಲಿದೆ. ಅದನ್ನು ನೋಡುವ ಮುಂಚೆ ಕೆಲವು ವಿಷಯ ನಿನಗೆ ನನ್ನಿಂದಲೇ ತಿಳಿಯಲಿ. ಸೋಮವಾರ ಲತಾಮಣಿಯ ಗಂಟಲು ಕಟ್ಟಿತ್ತು, ಬಾಯಿ ತೆರೆದರೆ ಗಾಳಿ ಬಿಟ್ಟು ಬೇರೇನೂ ಬರಲಿಲ್ಲ. ಹಾಡು ಬಾಯಿಪಾಠ ಇದ್ದದ್ದು ಬರೆದವನಿಗೆ ಮಾತ್ರ. ಸೀರೆ ಇತ್ತು, ಹೆಂಡತಿಯ ಪಾತ್ರ ಇತ್ತು. ಉಟ್ಟವನು ನಾನೇ. ತೊಟ್ಟಿಲ ಫೋಟೋಗೆ ಬೇಕಲ್ಲ ಎಂದು ಮೀಸೆ ತೆಗೆಯಲಿಲ್ಲ, ಸೆರಗಿನಿಂದ ಮುಚ್ಚಿಕೊಂಡೆ. ನಾಲ್ಕು ಓಟಿನ ವಿಷಯವನ್ನು ದೇವರಾಜು ನಿನ್ನೆ ಗೇಟಿನ ಹತ್ತಿರ ಬಿಡಿಸಿ ಹೇಳಿದ: “ಎದುರಾಳಿಗೆ ಓಟು ಹೋಗಬಾರ್ದು, ಗೆಲ್ಲದೇ ಇರೋ ಹಾಡಿಗೆ ಹಾಕ್ಬುಡನ ಅಂತ ನಾಲ್ಕು ಬಸ್ಸಲ್ಲೂ ಒಂದೇ ಲೆಕ್ಕ ಹಾಕ್ಕಂಡ್ವು ಕಣ್ಲಾ ಶಿವು. ನಿನ್ನಷ್ಟು ಕೆಟ್ಟದಾಗಿ ಯಾವನೂ ಹಾಡಿರ್ಲಿಲ್ಲವಲ್ಲ.” ತ್ಯಾಗದ ವಿಷಯವೂ ಪೂರ್ತಿ ಹಾಗಲ್ಲ. ಮ್ಯಾನೇಜರ್ ಸಾಹೇಬರು ಸಂಜೆ ಕರೆಸಿ, ಸೀರೆಯುಟ್ಟು ಹಾಡಿದ ಆ ಹೆಂಗಸಿನ ಗಂಟಲು ವಾಸಿಯಾದ ಮೇಲೆ ಇನ್ನೊಮ್ಮೆ ಕೇಳೋಣವೇ, ಆಕೆ ಎಲ್ಲಿ ಎಂದು ಬಹಳ ಕನಿಕರದಿಂದ ವಿಚಾರಿಸಿದರು. ನನಗೆ ಏನೂ ತೋಚದೆ, “ಸೀರೆಯವರು ಬಾಣಂತನಕ್ಕೆ ಹೋಗಿದ್ದಾರೆ ಸಾರ್” ಎಂದೆ. ಹಾಗಾದರೆ ಎರಡನೆಯದನ್ನೇ ಕಳಿಸಿ ಎಂದರು. ಸಿ.ಡಿ. ಹಾಕಿದರೆ ಸೀರೆಯನ್ನು ಅತ್ತೆ ಹೇಗೂ ಗುರುತು ಹಿಡಿಯುತ್ತಾರೆ. ಸೀರೆಯ ಒಳಗಿದ್ದವನನ್ನು ನೀನು ಗುರುತು ಹಿಡಿಯಬೇಡ.