ಮೂರು ಗಂಟೆಯ ಕರೆಂಟು

ಹದಿನಾಲ್ಕನೇ ತಾರೀಕು, ಮಂಗಳವಾರ

ಪ್ರೀತಿಯ ಪುಟ್ಟೀ,

ಹೆದರಬೇಡ, ಅಪ್ಪ ಮನೆಯಲ್ಲೇ ಇದ್ದಾರೆ, ಊಟವೂ ಆಯಿತು. ಇದನ್ನು ಮೊದಲು ಬರೆದುಬಿಟ್ಟರೆ ಮಿಕ್ಕಿದ್ದನ್ನು ನಿಧಾನವಾಗಿ ಓದುತ್ತೀಯ ಅಂತ.

ನಿನ್ನೆ ಮಧ್ಯಾಹ್ನ ಕೂತಲ್ಲೇ ಜೋಂಪು ಹತ್ತಿ ಕೆಟ್ಟ ಕನಸು ಬಿತ್ತು. ಬಾಗಿಲ ಪಕ್ಕದ ಮೀಟರಿನಲ್ಲಿ ಕೆಂಪು ದೀಪ ಮಿಟುಕುವುದು ನಿಂತಿತ್ತು. ಸದ್ಯ, ಒಂದು ಯೂನಿಟ್ಟೂ ಓಡುತ್ತಿಲ್ಲ ಅಂತ ಹಿಗ್ಗಿದೆ. ಆಮೇಲೆ ತಿಳಿಯಿತು, ಅಪ್ಪನ ಉಸಿರಿನ ಮಿಷನ್ನಿನ ಸದ್ದೂ ಇಲ್ಲ. ಎದ್ದು ನೋಡಿದರೆ ಅದು ಗುರ್ ಅನ್ನುತ್ತಲೇ ಇತ್ತು. ಅದರ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ, ಅಕ್ಷರ ನೋಡಿ ಬೈಯಬೇಡ.

ಸರ್ಕಾರದ ಹೊಸ ನಿಯಮ ನಿನಗೆ ಗೊತ್ತಲ್ಲ. ತಿಂಗಳಿಗೆ ಇನ್ನೂರು ಯೂನಿಟ್ಟಿನೊಳಗಿದ್ದರೆ ಬಿಲ್ಲೇ ಇಲ್ಲ, ಒಂದು ದಾಟಿದರೂ ಪೂರ್ತಿ ಕಟ್ಟಬೇಕು. ಆವತ್ತಿನಿಂದ ನಾನು ಮೀಟರಿನ ಕಾವಲಿಗೆ ನಿಂತೆ. ಇಸ್ತ್ರಿಪೆಟ್ಟಿಗೆ ಅಟ್ಟ ಸೇರಿತು. ಪಕ್ಕದ ಮನೆ ಟೈಲರಮ್ಮ ಬಂದರೂ ಲೈಟ್ ಹಾಕುತ್ತಿರಲಿಲ್ಲ. ಏನಕ್ಕಾ, ನಿಮ್ಮ ಮುಖ ನೋಡೋಕೂ ಯೂನಿಟ್ ಲೆಕ್ಕಾನಾ ಅಂತ ಅವಳು ಅಣಕಿಸಿದಳು. ಅಪ್ಪ ಕೆಮ್ಮು ಬರುವಷ್ಟು ನಕ್ಕರು. ಮೂವತ್ತೊಂದು ವರ್ಷ ಮನೆಮನೆಯ ಮೀಟರ್ ಓದಿದವರಲ್ಲವೇ, ಈ ತಿಂಗಳು ದಾಟಲ್ಲ ಕಣೇ, ನಾನಿದ್ದೀನಲ್ಲ ಅಂದರು. ಎರಡು ತಿಂಗಳು ದಾಟಲಿಲ್ಲ. ನಮ್ಮನೆಯವರ ಜಾಣತನ ಅಂತ ನಾನು ಬೀದಿಯೆಲ್ಲ ಹೇಳಿಕೊಂಡು ಬಂದೆ.

ಹೋದ ಗುರುವಾರ ಲಾಂಡ್ರಿ ಕೆಲಸಕ್ಕೆ ಹೊರಟವಳು ಕನ್ನಡಕ ಮರೆತು ಅರ್ಧದಾರಿಯಿಂದ ವಾಪಸ್ ಬಂದೆ. ಮಿಷನ್ ಆರಿತ್ತು. ಅಪ್ಪ ಕಿಟಕಿಯ ಸರಳು ಹಿಡಿದು ಕೂತಿದ್ದರು, ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ನಾನು ಸ್ವಿಚ್ ಒತ್ತಿ ಬಾಯಿ ಬಡಿದುಕೊಂಡೆ. ಉಸಿರು ತಿರುಗಿದ ಮೇಲೆ ಹೇಳಿದರು, ದಿನಾ ನೀನು ಕೆಲಸಕ್ಕೆ ಹೋದಾಗ ಮೂರು ಗಂಟೆ ಆರಿಸಿಡ್ತೀನಿ, ಅಷ್ಟೇ ಕಣೇ, ಈ ಮನೇಲಿ ಜಾಸ್ತಿ ಕರೆಂಟ್ ತಿನ್ನೋನು ನಾನೊಬ್ಬನೇ ಅಲ್ವಾ ಅಂತ.

ಪುಟ್ಟೀ, ನಾನು ಬೀದಿಯಲ್ಲಿ ಹೊಗಳಿಕೊಂಡದ್ದು ಇದನ್ನು.

ಮಾರನೇ ದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ದಿನದ ಇಪ್ಪತ್ತನಾಲ್ಕು ಗಂಟೆಯೂ ಮಿಷನ್ ಓಡಬೇಕು, ಒಂದು ನಿಮಿಷವೂ ಕಡಿಮೆಯಾಗಬಾರದು, ಗಾಳಿ ಸಾಲದಿದ್ದರೆ ಮೊದಲ ಪೆಟ್ಟು ತಲೆಗೆ ಅಂದರು. ಮರೆವು, ಗೊಂದಲ ಏನಾದರೂ ಕಂಡಿದೆಯಾ ಅಂತ ಕೇಳಿದರು. ಇಲ್ಲವೇ ಇಲ್ಲ ಅಂದೆ.

ಇಂಥ ಮಿಷನ್ ಇರುವ ಮನೆಗೆ ಅದರ ಯೂನಿಟ್ಟನ್ನು ಸರ್ಕಾರ ಲೆಕ್ಕಕ್ಕೇ ಹಿಡಿಯುವುದಿಲ್ಲವಂತೆ. ಅರ್ಜಿ ನನ್ನ ಕೈಗೆ ಈಗಷ್ಟೇ ಸಿಕ್ಕಿತು. ಡಾಕ್ಟರ ಸಹಿ ಹಾಕಿಸಿ ಇದರ ಜೊತೆ ಇಟ್ಟಿದ್ದೇನೆ. ಕಂಪ್ಯೂಟರಿನಲ್ಲಿ ಹಾಕಬೇಕಂತೆ, ನೀನೇ ಹಾಕಿಬಿಡು. ಕೆಲಸಕ್ಕೆ ನಾನು ರಜೆ ಹೇಳಿದ್ದೇನೆ. ಸ್ವಿಚ್ಚಿನ ಪಕ್ಕದಲ್ಲೇ ಕೂತಿರುತ್ತೇನೆ.

ಇಂತಿ, ನಿನ್ನ ಪುಕ್ಕಲು ಅಮ್ಮ

ತಾ.ಕ.: ಅರ್ಜಿ ಈಗ ಸಿಕ್ಕಿತು ಅಂದದ್ದು ಸುಳ್ಳು. ಬಿಲ್ ಕೊಡುವವಳು ಎರಡು ತಿಂಗಳ ಹಿಂದೆಯೇ ಕೊಟ್ಟು ಹೋಗಿದ್ದಳು. ನಾಲ್ಕನೇ ಕ್ಲಾಸು ಬಿಟ್ಟವಳು ಏನೋ ತಪ್ಪು ಬರೆದು, ಇರುವ ರಿಯಾಯಿತಿಯನ್ನೂ ಕಿತ್ತುಕೊಂಡಾರು ಅಂತ ಸೀರೆಗಳ ಕೆಳಗೆ ಬಚ್ಚಿಟ್ಟಿದ್ದೆ. ಅಪ್ಪನಿಗೆ ಇನ್ನೂ ಹೇಳಿಲ್ಲ.

ಇನ್ನೊಂದು ಮಾತು. ಅರ್ಜಿಗೆ ಬೇಕಾದ ಮೀಟರ್ ನಂಬರನ್ನು ಅಪ್ಪನೇ ಬಾಗಿಲಿಗೆ ಬಂದು ನಿಂತು ಓದಿ ಹೇಳಿದರು, ನಾನು ಬರೆದುಕೊಂಡೆ. ಕೊನೆಯಲ್ಲಿ ನಲವತ್ತೇಳು. ಮನೆಯಲ್ಲಿರುವ ಬಿಲ್ಲಿನಲ್ಲಿ ಎಪ್ಪತ್ನಾಲ್ಕು ಅಂತಿದೆ. ಮೂವತ್ತೊಂದು ವರ್ಷದಲ್ಲಿ ಅವರು ಒಂದು ಅಂಕಿ ತಪ್ಪು ಓದಿದವರಲ್ಲ. ನಾಲ್ಕು ಹೆಜ್ಜೆ ದೂರದಲ್ಲೇ ಮೀಟರ್ ಇದೆ, ಎದ್ದು ಹೋಗಿ ನೋಡುವ ಧೈರ್ಯ ನನಗೆ ಬರುತ್ತಿಲ್ಲ. ನಿನ್ನ ಹತ್ತಿರ ನಮ್ಮ ಹಳೇ ಬಿಲ್ಲುಗಳು ಇವೆಯಲ್ಲ, ಎಲ್ಲದರಲ್ಲೂ ಆ ನಂಬರನ್ನು ಇನ್ನೊಂದು ಸಲ ನೋಡು. ಬಿಲ್ಲಿನದೇ ತಪ್ಪಾಗಿರಬಹುದು, ನೋಡು.