ಮೂವತ್ತು ಮೀಟರಿನೊಳಗೆ

ಲಕ್ಷ್ಮಿಕಾಂತ್ ಸರ್,

ನೀವು ತೀರಿಕೊಂಡು ಎಂಟು ತಿಂಗಳಾಯಿತು. ಆದರೂ ಇದನ್ನು ನಿಮಗೇ ಹೇಳಬೇಕು.

ಕೆರೆಯ ಸುತ್ತ ಮೂವತ್ತು ಮೀಟರಿನೊಳಗೆ ಏನೂ ಇರಬಾರದೆಂಬ ನಮ್ಮ ಬೇಡಿಕೆ ಮಂಜೂರಾಗಿದೆ. ಇವತ್ತು ಅಳತೆ ಮಾಡಿದರು. ಟೇಪಿನ ಒಂದು ತುದಿಯನ್ನು ಹೆಮ್ಮೆಯಿಂದ ನಾನೇ ಹಿಡಿದೆ. ಹೊಸ ಲೇಔಟಿನ ಕಾಂಪೌಂಡು ಗೆರೆಯಾಚೆಗೇ ಉಳಿಯಿತು. ಒಳಗೆ ಸಿಕ್ಕಿದ್ದು, ದಂಡೆಯಲ್ಲೇ ಬದುಕುವ ಉಚ್ಚಮ್ಮನ ಕುರಿಹಟ್ಟಿ ಒಂದೇ.

"ಕೆರಿ ಉಳಿಸ್ತೀನಂತ ಹೆಬ್ಬಟ್ಟು ಒತ್ತಿಸ್ಕೊಂಡಿ. ನನ್ನ ಓಡಿಸಿ ಉಳಿಸ್ತೀನಂತ ಯಾಕ ಹೇಳಲಿಲ್ಲವ್ವಾ?" ಎಂದಳು.

ಸರ್ವೇಯರ್ ಆಂಜಿನೇಯ ನಕ್ಕ. "ರೂಲು ನೀವ ತಂದದ್ದು ಐತಿ ಮೇಡಂ. ಟೇಪು ಜಗ್ಗಿ ಹಿಡೀರಿ."

ಮೂವತ್ತು ವರ್ಷ ಪರಿಸರ ಕಾನೂನು ಕಲಿಸಿದವರು ನೀವು. ನಮ್ಮ ಅರ್ಜಿ ಬಂದಾಗ ನಗರ ಯೋಜನೆಯ ಸಮಿತಿಯಲ್ಲಿ ಕೂತು, "ಗೆರೆಯೊಳಗೆ ಯಾರಿದ್ದಾರೆ ನೋಡೋಣ, ಒಂದು ತಿಂಗಳು ತಡಿಯಮ್ಮ" ಎಂದಿರಿ. ಆದೋನಿಯ ತುಂಬಿದ ಸಭೆಯಲ್ಲಿ ನಾನು ನಿಮ್ಮನ್ನು ಬಿಲ್ಡರುಗಳ ವಕೀಲ ಎಂದೆ. ನೀವು ಕನ್ನಡಕ ಒರೆಸಿಕೊಂಡಿರಿ, ಅಷ್ಟೆ.

ಕೆರೆ ಉಳಿಯಲೇಬೇಕಿತ್ತಲ್ಲವೇ ಸರ್? ನಾವು ಹಂಚಿದ ಕರಪತ್ರಗಳನ್ನೆಲ್ಲ ಮತ್ತೆ ಓದಿದೆ. ಕುರಿಹಟ್ಟಿಯ ಮಾತು ಒಂದರಲ್ಲೂ ಇಲ್ಲ.

ನಾಳೆ ಗುರುತಿನ ಕಲ್ಲು ನೆಡುತ್ತಾರೆ. ಇವತ್ತು ನಾನು ಹೊರಡುವಾಗ ಉಚ್ಚಮ್ಮ, ನಮ್ಮ ಅರ್ಜಿಯಲ್ಲಿ ತನ್ನ ಹೆಬ್ಬಟ್ಟು ಎಲ್ಲಿದೆಯೆಂದು ಕೇಳಿದಳು. ತೋರಿಸಿದೆ. ನನ್ನ ಸಹಿಗಿಂತ ಮೇಲೆ, ಎಲ್ಲರಿಗಿಂತ ಮೊದಲು ಇತ್ತು.