ಮಂಡಿಯ ಮುಲಾಮು

ಹಾಗಲವಾಡಿ, ಭಾನುವಾರ

ಮುದ್ದು ಮೊಮ್ಮಗಳು ಇಂಪನಾಗೆ ಅಜ್ಜಿಯ ಆಶೀರ್ವಾದ.

ನೀನು ಕಳಿಸಿದ ಮಂಡಿನೋವಿನ ಮುಲಾಮು ಬಂತು. ಮುಚ್ಚಳ ತೆಗೆದಿಲ್ಲ.

ತುಮಕೂರಿನ ಸಾಫ್ಟ್‌ಬಾಲ್ ಪಂದ್ಯದಲ್ಲಿ ನೀನು ಗೆಲುವಿನ ರನ್ನಿಗೆ ಓಡುವಾಗ, ಎದುರು ತಂಡದಲ್ಲಿದ್ದ ನಿನ್ನ ಮಾವನ ಮಗಳು ಪಲ್ಲವಿ, "ಇಂಪಕ್ಕಾ, ಅಜ್ಜಿ ಬಿದ್ದೋಯ್ತು!" ಎಂದು ಕೂಗಿದಳು. ನೀನು ನಿಂತು ನನ್ನತ್ತ ತಿರುಗಿದೆ, ಔಟಾದೆ.

ಅಂಪೈರ್ ಮೇಡಂ ನನ್ನ ಹತ್ತಿರವೇ ಬಂದು, "ಸುಳ್ಳು ಕೂಗಿ ನಿಲ್ಸಿದ್ರೆ ಅದೂ ಅಡ್ಡಗಟ್ಟಿದಂಗೇ, ರನ್ ಕೊಡ್ತೀನಿ. ನಿಜವಾಗ್ಲೂ ಬಿದ್ರಾ ಅಜ್ಜಿ?" ಅಂದರು. ಪಲ್ಲವಿಯ ಹೆದರಿದ ಮುಖ ನೋಡಿ ಹೂಂ ಅಂದುಬಿಟ್ಟೆ. ಮಂಡಿ ಬೇರೆ ಹಿಡಿದುಕೊಂಡೆ.

ನಾನು ಬಿದ್ದಿರಲಿಲ್ಲ ಕಣವ್ವ. ಕಡಲೆಕಾಯಿ ತಿನ್ನುತ್ತಾ ಕೂತಿದ್ದೆ.

ಈ ಕಾಗದವನ್ನು ಮೇಡಂಗೆ ತೋರಿಸು. ಮುಲಾಮು ವಾಪಸು ಕಳಿಸಿದ್ದೇನೆ. ಸೋತ ಮೇಲೂ ಬಸ್ಸಿನವರೆಗೆ ನನ್ನನ್ನು ಹೊತ್ತೆಯಲ್ಲ, ಆ ಬೆನ್ನಿಗೆ ಹಚ್ಚಿಕೋ.

ನಿನ್ನಜ್ಜಿ,
ಸಿದ್ದಗಂಗಮ್ಮ